ನಲವತ್ತೊಂದರ ಕೈಗುಣ

ನಲವತ್ತೊಂದು ನನ್ನ ಕೈಯಲ್ಲಿ ಕೆಲಸ ಮಾಡುತ್ತಿತ್ತು, ಡಾಕ್ಟರ ಕೈಯಲ್ಲಿ ಮಾಡುತ್ತಿರಲಿಲ್ಲ. ಇದನ್ನು ಹೇಗೆ ಬರೆದರೂ ಜಂಬ ಕೊಚ್ಚಿಕೊಂಡಂತೆ ಕಾಣುತ್ತದೆ. ಆದರೆ ಆ ಮೂರು ವಾರ ಜಂಬದ ಗಾಳಿಯೂ ನನಗೆ ಸೋಕಿರಲಿಲ್ಲ. ಇದ್ದದ್ದು ಹೆದರಿಕೆ ಮಾತ್ರ.

ನಲವತ್ತೊಂದು ಅಂದರೆ ಒಂದು ಪುಟ್ಟ ಅಣು. ಮೇಲಿನ ಮಹಡಿಯ ಕೆಮಿಸ್ಟ್ ಅಂಥ ಅರವತ್ತನ್ನು ತಯಾರಿಸಿ, ಒಂದರಿಂದ ಅರವತ್ತರವರೆಗೆ ಚೀಟಿ ಅಂಟಿಸಿ ನಮಗೆ ಕೊಟ್ಟಿದ್ದರು. ಅವರ ಹೆಂಡತಿಯ ತಮ್ಮ ಇದೇ ಕಟ್ಟಡದ ಉಗ್ರಾಣದಲ್ಲಿದ್ದಾನೆ. ಅವನು ಭಾವ, ಭಾವ ಎಂದು ಕೂಗುವುದನ್ನು ಕೇಳಿ ಕೇಳಿ ಅವರು ಇಡೀ ಕಟ್ಟಡಕ್ಕೇ ಭಾವನಾಗಿಬಿಟ್ಟಿದ್ದರು. ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥೆ ಮೇಡಂ ಕೂಡ ಒಮ್ಮೆ ದೊಡ್ಡ ಸಭೆಯಲ್ಲಿ ಬಾಯಿ ತಪ್ಪಿ ಭಾವ ಅಂದು, ಆಮೇಲೆ ನೀರು ಕುಡಿದಿದ್ದರು.

ಭಾವನ ಅಣುಗಳನ್ನು ಒಂದೊಂದಾಗಿ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿ ನೋಡುವುದು ನಮ್ಮ ಕೆಲಸ. ಸುಮ್ಮನೆ ಕೊಂದರೆ ಪ್ರಯೋಜನವಿಲ್ಲ, ಫಿನಾಯಿಲ್ ಹುಯ್ದರೂ ಕೋಶ ಸಾಯುತ್ತದೆ. ನಮ್ಮ ಮೈಯ ಪ್ರತಿ ಕೋಶದೊಳಗೂ ‘ಕೆಟ್ಟುಹೋದರೆ ನಿನ್ನನ್ನು ನೀನೇ ಮುಗಿಸಿಕೋ’ ಎಂಬ ಒಂದು ಆಜ್ಞೆ ಇರುತ್ತದಂತೆ. ಕ್ಯಾನ್ಸರ್ ಕೋಶ ಆ ಆಜ್ಞೆಗೆ ಕಿವಿ ಮುಚ್ಚಿಕೊಂಡಿರುತ್ತದೆ. ಅದಕ್ಕೆ ಮತ್ತೆ ಕೇಳಿಸುವಂತೆ ಮಾಡುವ, ಪಕ್ಕದ ಒಳ್ಳೆಯ ಕೋಶಕ್ಕೆ ಏನೂ ಮಾಡದ ಅಣು ಬೇಕು. ಬಾಗಿಲು ಬಡಿದು ಎಬ್ಬಿಸೋದು ನಮ್ಮ ಕೆಲಸ, ಮನೆಗೆ ಬೆಂಕಿ ಹಚ್ಚೋದಲ್ಲ ಎಂದು ಮೇಡಂ ಹೊಸಬರಿಗೆಲ್ಲ ಹೇಳುತ್ತಾರೆ.

ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ತೊಂಬತ್ತಾರು ಪುಟ್ಟ ಗುಳಿ. ಗುಳಿಗಳಲ್ಲಿ ಕೋಶ ಬೆಳೆಸಿ, ಅಣು ಹಾಕಿ, ಎರಡು ದಿನ ಬಿಟ್ಟು ಒಂದು ಹಳದಿ ಬಣ್ಣ ಹಾಕಬೇಕು. ಬದುಕಿರುವ ಕೋಶ ಬಣ್ಣವನ್ನು ನೇರಳೆ ಮಾಡುತ್ತದೆ, ಸತ್ತಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ನಲವತ್ತು ಅಣುಗಳವರೆಗೆ ನಾನು ನೇರಳೆಯನ್ನೇ ನೋಡಿದ್ದೆ. ನಲವತ್ತೊಂದರ ಸಾಲು ಹಳದಿ ಬಂದ ದಿನ, ಆ ಸಾಲಿಗೆ ಕೋಶ ಹಾಕುವುದನ್ನೇ ಮರೆತೆನೇನೋ ಎಂದು ದಾಖಲೆ ಪುಸ್ತಕ ತೆಗೆದು ನೋಡಿದೆ. ಮರೆತಿರಲಿಲ್ಲ. ಒಳ್ಳೆಯ ಕೋಶಗಳ ತಟ್ಟೆ ನೇರಳೆಯಾಗಿಯೇ ಇತ್ತು.

ಒಟ್ಟು ಆರು ಸಲ ಮಾಡಿದೆ. ಆರೂ ಸಲ ಹಳದಿ. ಆಮೇಲೆ, ಇಲ್ಲಿನ ಪದ್ಧತಿಯಂತೆ, ಬೇರೆಯವರ ಕೈಯಲ್ಲೂ ಬರಬೇಕೆಂದು ಡಾಕ್ಟರು ಮಾಡಿದರು. ಡಾಕ್ಟರು ಅಂದರೆ ನಾಡಿ ನೋಡುವ ಡಾಕ್ಟರಲ್ಲ, ಪಿಎಚ್‌ಡಿ ಮುಗಿಸಿ ನಮ್ಮಲ್ಲಿಗೆ ಬಂದವರು. ನನಗಿಂತ ಹತ್ತು ವರ್ಷ ಚಿಕ್ಕವರು, ಈ ಪ್ರಯೋಗದ ವಿಧಾನದ ಹಾಳೆಯನ್ನು ಬರೆದವರೇ ಅವರು. ಅವರು ನಾಲ್ಕು ಸಲ ಮಾಡಿದರು. ನಾಲ್ಕೂ ಸಲ ಕಣ್ಣಿಗೆ ರಾಚುವ ನೇರಳೆ.

ಮೊದಲು ಎಲ್ಲರೂ ನಕ್ಕರು. ನಿನ್ನ ಕೈಗುಣ ಕಣಮ್ಮ, ಹೋಗಿ ಆಸ್ಪತ್ರೆ ತೆರಿ ಎಂದರು ಭಾವ. ಡಾಕ್ಟರು ನನ್ನ ಅಳತೆಯ ಚಿಕ್ಕ ಗವುಸು ಹಾಕಿಕೊಂಡು ಒಮ್ಮೆ ಮಾಡಿ ನೋಡಿದರು. ಬೆರಳೆಲ್ಲ ಬಿಳುಚಿಕೊಂಡದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಅವರು ನಾನು ನಿಲ್ಲುವ ಜಾಗದಲ್ಲಿ ನಿಂತರು, ನನ್ನಂತೆ ಬೆಳಿಗ್ಗೆಯೇ ಬಂದು ಮಾಡಿದರು. ನಾನು ಒಂದು ಹಾಳೆಯಲ್ಲಿ ನಮ್ಮಿಬ್ಬರ ವ್ಯತ್ಯಾಸಗಳನ್ನೆಲ್ಲ ಬರೆದೆ. ಸೋಪು, ಗಡಿಯಾರ, ಎಡಚ, ಬಲಚ. ಹದಿನೇಳು ಸಾಲಾಯಿತು. ಒಂದೂ ಒಂದು ಕೋಶವನ್ನು ಕೊಲ್ಲುವಂಥದ್ದಲ್ಲ.

ನಗು ಯಾವತ್ತು ನಿಂತಿತೋ ಗೊತ್ತಿಲ್ಲ. ಒಂದು ಮಧ್ಯಾಹ್ನ ನಾನು ಒಳಗೆ ಬಂದಾಗ ಡಾಕ್ಟರು ನನ್ನ ದಾಖಲೆ ಪುಸ್ತಕವನ್ನು ತಿರುವಿ ಹಾಕುತ್ತಿದ್ದರು. ನೋಡಬಾರದೆಂದೇನಿಲ್ಲ, ಯಾರು ಬೇಕಾದರೂ ನೋಡಬಹುದು. ಆದರೆ ನಾನು ಬಂದಕೂಡಲೇ ಅವರು ಅದನ್ನು ಮುಚ್ಚಿದರು.

ನಮ್ಮ ದಾಖಲೆ ಪುಸ್ತಕದಲ್ಲಿ ಪ್ರತಿ ಪುಟದ ಕೊನೆಗೆ ಒಂದು ಸಾಲು ಬರೆದು ಸಹಿ ಹಾಕಬೇಕು: ‘ವಿಧಾನದಲ್ಲಿ ಬರೆದಂತೆಯೇ ಮಾಡಿದ್ದೇನೆ.’ ನಾನು ಓದಿದ್ದು ಸಂಜೆ ತರಗತಿಯಲ್ಲಿ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಡಬ್ಬಿ ಜೋಡಿಸಿ, ಆರು ಗಂಟೆಗೆ ಓಡಿಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕಲಿತದ್ದು. ದೊಡ್ಡ ಓದು ಓದಿದವರ ನಡುವೆ ನನ್ನದು ಎಂದು ಹೇಳಿಕೊಳ್ಳಲು ಆ ಸಾಲೊಂದೇ ಇತ್ತು. ನಾನು ಜಾಣೆಯಲ್ಲ, ಆದರೆ ಬರೆದಂತೆ ಮಾಡುತ್ತೇನೆ. ಪ್ರತಿ ಸಲ ಶುರುಮಾಡುವ ಮೊದಲು ಹಾಳೆಯಲ್ಲಿರುವ ಕೆಲಸಗಳ ಇಡೀ ಪಟ್ಟಿಯನ್ನು ಎರಡು ಸಲ ಬಾಯಲ್ಲೇ ಹೇಳಿಕೊಳ್ಳುತ್ತೇನೆ. ಅದಕ್ಕೇ ಇಲ್ಲಿ ನನ್ನ ಹೆಸರು ‘ಎರಡ್ಸಲ’.

ಮೇಡಂ ಒಳಗೆ ಕರೆದರು. ಶುಕ್ರವಾರ ಅಣುಗಳ ಪಟ್ಟಿ ಮುಗಿಸಬೇಕು, ಯಾವ ಅಣು ಮುಂದಕ್ಕೆ, ಯಾವುದು ಇಲ್ಲಿಗೇ ಸಾಕು ಎಂದು ತೀರ್ಮಾನವಾಗಬೇಕು ಎಂದರು. ಸೋಮವಾರ ನಾನು ಇನ್ನೊಂದು ಸಲ ಮಾಡಬೇಕು, ಡಾಕ್ಟರು ಪಕ್ಕದಲ್ಲಿ ನಿಂತು ನೋಡುತ್ತಾರೆ. ಬಂದರೆ ಬಂತು. ಬರದಿದ್ದರೆ ನಲವತ್ತೊಂದನ್ನು ಕೈಬಿಟ್ಟು ಆರೂ ಪುಟಗಳಿಗೆ ಕೆಂಪು ಗೆರೆ ಎಳೆಯುವುದು. ಮೇಡಂ ಇಷ್ಟನ್ನೂ ತಮ್ಮ ಪೆನ್ನನ್ನು ನೋಡುತ್ತ ಹೇಳಿದರು. ಆಮೇಲೆ ತಲೆಯೆತ್ತಿದರು.

“ನಿಮ್ಮ ಮೇಲೆ ಅನುಮಾನ ಅಂತಲ್ಲ.”

ಅವರಿಗೆ ಅನುಮಾನವಿದೆಯೆಂದು ನನಗೆ ಆಗಲೇ ಖಾತ್ರಿಯಾಯಿತು. ವಿಚಿತ್ರವೆಂದರೆ, ನನಗೂ ಇತ್ತು. ಇಲ್ಲದ್ದನ್ನು ಕಾಣುವವರಿರುತ್ತಾರೆ. ಹಳದಿ ಬೇಕು ಬೇಕು ಎಂದು ಆಸೆಪಟ್ಟು, ನನಗೇ ಗೊತ್ತಾಗದಂತೆ ಏನಾದರೂ ಮಾಡುತ್ತಿದ್ದೇನೆಯೇ? ಗೊತ್ತಾಗದಂತೆ ಹೇಳಿದ ಸುಳ್ಳು ಸುಳ್ಳೇ ತಾನೇ?

ಸೋಮವಾರ ಡಾಕ್ಟರು ವಿಧಾನದ ಹಾಳೆಯನ್ನು ಹಲಗೆಗೆ ಸಿಕ್ಕಿಸಿಕೊಂಡು, ಪೆನ್ಸಿಲ್ ಹಿಡಿದು ಬಂದರು. ಒಂದೊಂದು ಸಾಲನ್ನೂ ಅವರು ಓದುವುದು, ನಾನು ಮಾಡುವುದು, ಅವರು ಗುರುತು ಹಾಕುವುದು. ನಲವತ್ತೊಂದರ ಟ್ಯೂಬು ಕಿರುಬೆರಳಿನ ತುದಿಯಷ್ಟಿರುತ್ತದೆ. ಫ್ರೀಜರಿನಿಂದ ತೆಗೆದಾಗ ಒಳಗಿನದು ಗಟ್ಟಿಯಾಗಿರುತ್ತದೆ. “ಟ್ಯೂಬನ್ನು ಐಸ್ ಮೇಲಿಟ್ಟು ಹತ್ತು ನಿಮಿಷ ಕರಗಲು ಬಿಡಿ,” ಎಂದು ಅವರು ಓದಿದರು. ಇಟ್ಟೆ. ಆ ಹತ್ತು ನಿಮಿಷ ನನ್ನ ಕೈಗಳಿಗೆ ಕೆಲಸವಿರಲಿಲ್ಲ. ಎಲ್ಲಿಟ್ಟುಕೊಳ್ಳಬೇಕೆಂದೂ ಹೊಳೆಯಲಿಲ್ಲ. ಕೊನೆಗೆ ಶಾಲೆಯಲ್ಲಿ ಬೈಸಿಕೊಳ್ಳಲು ನಿಂತವಳಂತೆ ಬೆನ್ನ ಹಿಂದೆ ಕಟ್ಟಿಕೊಂಡೆ. ಪಟ್ಟಿಯನ್ನು ಹೇಳಿಕೊಳ್ಳಲೂ ನಾಚಿಕೆಯಾಯಿತು, ಅವರೇ ಗಟ್ಟಿಯಾಗಿ ಓದುತ್ತಿದ್ದರಲ್ಲ.

ಅಷ್ಟು ಚೊಕ್ಕವಾಗಿ ನಾನು ಯಾವತ್ತೂ ಆ ಕೆಲಸ ಮಾಡಿರಲಿಲ್ಲ. ಒಂದು ಹನಿ ಆಚೀಚೆಯಾಗಲಿಲ್ಲ. ಡಾಕ್ಟರು ಕೂಡ, ನಿಮ್ಮ ಕೈ ಯಂತ್ರದ ಥರ ಇದೆ ಎಂದರು. ಏಳನೇ ಪುಟಕ್ಕೆ ಸಹಿ ಹಾಕಿದೆ, ಕೆಳಗೆ ಅವರೂ ಹಾಕಿದರು.

ಬುಧವಾರ ಬೆಳಿಗ್ಗೆ ಬಣ್ಣ ಹಾಕಿದೆವು. ಮೂರು ಗಂಟೆ ಕಾಯಬೇಕು. ಮೊದಲ ಗಂಟೆಯಲ್ಲೇ ನೇರಳೆ ಏರತೊಡಗಿತು. ಒಂದು ಗುಳಿ, ಪಕ್ಕದ ಗುಳಿ, ಆಮೇಲೆ ಇಡೀ ಸಾಲು. ಡಾಕ್ಟರು ನನ್ನತ್ತ ನೋಡಲಿಲ್ಲ. ಅವರು ಗೆದ್ದವರಂತೆಯೂ ಇರಲಿಲ್ಲ. ತಲೆ ತುರಿಸಿಕೊಂಡು, “ನನಗೆ ಅರ್ಥ ಆಗ್ತಿಲ್ಲ,” ಎಂದರು. “ನೀವು ಎಲ್ಲಾ ಸರಿಯಾಗೇ ಮಾಡಿದ್ರಿ. ನಾನೇ ನೋಡಿದೆ.”

ಅದೇ ನನ್ನನ್ನು ಕೊಂದದ್ದು. ಯಾರಾದರೂ ನೋಡುತ್ತಿದ್ದರೆ ಬಾರದ್ದು, ನೋಡದಿದ್ದಾಗ ಬರುತ್ತದೆ. ಇದಕ್ಕೆ ಜಗತ್ತಿನಲ್ಲಿ ಒಂದೇ ಹೆಸರಿರುವುದು.

ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ಅಪ್ಪನ ಕಣ್ಣಿನ ಒತ್ತಡ ಇಳಿಸಲು ಸಂಜೆ ಏಳಕ್ಕೆ ಎರಡು ಕಣ್ಣಿಗೂ ಹನಿ ಔಷಧಿ ಹಾಕಬೇಕು. ಬಾಟಲಿ ಫ್ರಿಜ್‌ನಲ್ಲಿರುತ್ತದೆ. ಎರಡು ವರ್ಷದಿಂದ ನಾನೇ ಹಾಕುತ್ತಿದ್ದೇನೆ. ಪಕ್ಕದ ಬೀದಿಯಲ್ಲಿರುವ ತಂಗಿ ಆಗಾಗ ಬರುತ್ತಾಳೆ, ಆ ಬುಧವಾರವೂ ತನ್ನ ಕೆಲಸ ಮುಗಿಸಿ ಬಂದಿದ್ದಳು. ಇವತ್ತು ನೀನೇ ಹಾಕು, ನನ್ನ ಕೈ ಮೇಲೆ ನನಗೇ ನಂಬಿಕೆಯಿಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. ಫ್ರಿಜ್ ತೆಗೆದಳು, ಅಪ್ಪನ ಗಲ್ಲ ಎತ್ತಿದಳು, ಹನಿಸಿದಳು. ಅಪ್ಪ ಕುರ್ಚಿಯಿಂದ ಎಗರಿದರು.

“ಕಣ್ಣಿಗೆ ಐಸ್ ಹಾಕ್ತಿದ್ದೀಯೇನೇ? ಅಕ್ಕ ಹಾಕಿದ್ರೆ ಬೆಚ್ಚಗಿರತ್ತೆ.”

“ಔಷಧಿ ಅದೇ ಅಪ್ಪ.”

“ಅದಲ್ಲ ಅದು. ಬೇರೆ ಬಾಟ್ಲಿ.”

“ಬಾಟ್ಲಿನೂ ಅದೇ. ನಿನ್ನ ದೊಡ್ಡ ಮಗಳು ಅದನ್ನ ಮುಷ್ಟಿಲಿ ಹಿಡ್ಕೊಂಡು ಮಗ್ಗಿ ಹೇಳೋಳ ಥರ ಗೊಣಗ್ತಾ ನಿಂತಿರ್ತಾಳಲ್ಲ, ಬೆಚ್ಚಗಾಗದೆ ಇನ್ನೇನಾಗತ್ತೆ. ನಾನೊಬ್ಳು ನೇರ ಹಾಕ್ಬಿಟ್ಟೆ, ತಪ್ಪಾಯ್ತು.”

ನಾನು ಹಾಗೆ ಮಾಡುತ್ತೇನೆಂದು ನನಗೆ ಗೊತ್ತಿರಲಿಲ್ಲ. ಹಾಗೆ ಮಾಡ್ತೀನಾ ಎಂದು ಕೇಳಿದೆ. ಎರಡು ವರ್ಷದಿಂದ ಮಾಡ್ತಿದ್ದೀಯ, ನಾವೇನು ಕುರುಡರಾ ಎಂದಳು ತಂಗಿ. ಕಣ್ಣು ಮುಚ್ಚಿಕೊಂಡೇ ಇದ್ದ ಅಪ್ಪ, ಅವಳಲ್ಲದಿದ್ದರೂ ಅರ್ಧ ಕುರುಡ ನಾನೊಬ್ಬ ಇದ್ದೇನೆ ಎಂದು ತಮ್ಮನ್ನೇ ತೋರಿಸಿಕೊಂಡರು. ಇಬ್ಬರೂ ನಕ್ಕರು. ನಾನು ನನ್ನ ಎಡಗೈ ನೋಡಿಕೊಳ್ಳುತ್ತ ನಿಂತೆ.

ಪಟ್ಟಿಯನ್ನು ಎರಡು ಸಲ ಹೇಳಿಕೊಳ್ಳುವಾಗ ಟ್ಯೂಬು ಎಲ್ಲಿರುತ್ತದೆ? ಐಸ್ ಮೇಲೆ, ಎಂದು ಮನಸ್ಸು ತಕ್ಷಣ ಉತ್ತರ ಕೊಟ್ಟಿತು. ಹಾಳೆಯಲ್ಲಿ ಹಾಗಿದೆ, ಆದ್ದರಿಂದ ಐಸ್ ಮೇಲೆ. ಆದರೆ ಕಣ್ಣು ಮುಚ್ಚಿ ನೆನೆದರೆ ಐಸಿನ ಡಬ್ಬಿ ಕಾಣುತ್ತದೆ, ಟ್ಯೂಬು ಕಾಣುವುದಿಲ್ಲ. ಮುಷ್ಟಿಯೂ ಕಾಣುವುದಿಲ್ಲ. ಆರು ದಿನದ ಆ ಹೊತ್ತು ಪೂರಾ ಖಾಲಿ. ಸೀಸ ಮುರಿದ ಪೆನ್ಸಿಲಿನಿಂದ ಬರೆದ ಹಾಗೆ, ಒತ್ತಿದ ಗುರುತಿದೆ, ಅಕ್ಷರವಿಲ್ಲ.

ಅಥವಾ ಇದೂ ನಾನು ಕಟ್ಟಿಕೊಳ್ಳುತ್ತಿರುವ ನೆಪವೇ? ಸಿಕ್ಕಿಬಿದ್ದವರಿಗೆ ಮಾರನೆಯ ದಿನವೇ ಒಂದು ಕಾರಣ ಹೊಳೆಯುವುದನ್ನು ನಾನೂ ನೋಡಿದ್ದೇನೆ. ಹೇಳದೆ ಸುಮ್ಮನಿದ್ದರೆ ನಲವತ್ತೊಂದು ಹೋಗುತ್ತದೆ. ಹೇಳಿದರೆ, ‘ಬರೆದಂತೆಯೇ ಮಾಡಿದ್ದೇನೆ’ ಎಂದು ಆರು ಸಲ ಹಾಕಿದ ಸಹಿ ಸುಳ್ಳೆಂದು ನಾನೇ ಒಪ್ಪಿಕೊಂಡಂತೆ. ಅದೂ ನಿಜವೆಂದು ಖಾತ್ರಿಯಿಲ್ಲದೆ.

ಗುರುವಾರ ಬೆಳಿಗ್ಗೆ ಮೊದಲು ಭಾವನ ಹತ್ತಿರ ಹೋದೆ. ಅವರು ಗಾಜಿನ ಬುರುಡೆಯೊಂದನ್ನು ತೊಳೆಯುತ್ತಿದ್ದರು. ನಲವತ್ತೊಂದನ್ನು ತಣ್ಣಗೆ ಇಟ್ಟರೆ ಏನಾಗುತ್ತದೆ ಎಂದು, ಬೇರೆ ಯಾರದೋ ಪರವಾಗಿ ಕೇಳುವವಳಂತೆ ಕೇಳಿದೆ.

ಭಾವ ಬುರುಡೆಯನ್ನು ಬೆಳಕಿಗೆ ಹಿಡಿದರು. “ಅದೊಂದು ಹಠಮಾರಿ ಕೂಸು. ಉಗುರುಬೆಚ್ಚಗೆ ಮಾಡಿದ್ರೆ ಮಾತ್ರ ಕರಗತ್ತೆ. ತಣ್ಣಗಿದ್ರೆ ತಳ ಹಿಡ್ಕೊಂಡು ಕೂತ್ಬಿಡತ್ತೆ, ಗಾಜಿನ ಪುಡಿ ಥರ. ಕಣ್ಣಿಗೆ ಕಾಣೋದೂ ಇಲ್ಲ, ಮೇಲಿನ ದ್ರವ ನೀರಿನ ಹಾಗೆ ತಿಳಿಯಾಗೇ ಇರತ್ತೆ.”

“ಐಸ್ ಮೇಲಿಟ್ಟು ಮೇಲಿಂದ ತಗೊಂಡ್ರೆ?”

“ಬರೀ ದ್ರಾವಕ ಹಾಕ್ದಂಗೆ. ಯಾರು ಹಾಗೆ ಮಾಡ್ತಾರೆ?”

ನಾವು, ಎಂದೆ. ಹಾಳೆಯಲ್ಲಿ ಹಾಗಿದೆ, ಮೊದಲ ನಲವತ್ತು ಅಣು ಬಿಸಿಗೆ ಕೆಡುತ್ತವೆಂದು ಡಾಕ್ಟರು ಎಲ್ಲಕ್ಕೂ ಒಂದೇ ವಿಧಾನ ಬರೆದಿದ್ದರು. ಭಾವ ಬುರುಡೆಯನ್ನು ಕೆಳಗಿಟ್ಟರು. ಒಂದು ಮಾತು ನನ್ನನ್ನ ಕೇಳಬಾರದಿತ್ತೇ, ಮೆಟ್ಟಿಲು ಹತ್ತಿದರೆ ಕಾಲು ಸವೆಯುತ್ತಿತ್ತೇ ಎಂದು ಬೇಸರಪಟ್ಟುಕೊಂಡರು. ನನ್ನ ಎದೆ ಹಗುರಾಯಿತು. ಆದರೆ ಅವರು ಬಿಡಲಿಲ್ಲ. ಬೆಚ್ಚಗಾದರೆ ಅದು ಕರಗುವುದೇನೋ ನಿಜ, ಹೆಚ್ಚು ಹೊತ್ತಾದರೆ ಮುರಿದು ಇನ್ನೊಂದೇ ಆಗಿಬಿಡಲೂಬಹುದು ಎಂದರು. ಹಾಗಾದರೆ ಕೋಶಗಳನ್ನು ಎಬ್ಬಿಸಿದ್ದು ನಲವತ್ತೊಂದೋ, ನನ್ನ ಮುಷ್ಟಿಯಲ್ಲಿ ಹುಟ್ಟಿದ ಹೆಸರಿಲ್ಲದ ಇನ್ನೊಂದೋ? ಅದನ್ನು ನೀವೇ ಪತ್ತೆಮಾಡಿ ಎಂದು ಭಾವ ಬುರುಡೆಯನ್ನು ಮತ್ತೆ ಕೈಗೆತ್ತಿಕೊಂಡರು. ಬಂದಾಗ ನನಗೊಂದು ಗೊಂದಲವಿತ್ತು, ಇಳಿಯುವಾಗ ಎರಡಿದ್ದವು.

ಮೇಡಂ ಕೋಣೆಯಲ್ಲಿ ಡಾಕ್ಟರೂ ಇದ್ದರು. ಕೆಂಪು ಪೆನ್ನು ಮೇಜಿನ ಮೇಲಿತ್ತು, ನನ್ನ ಪುಸ್ತಕವೂ. ನಿಂತುಕೊಂಡೇ ಹೇಳಿದೆ. ಕಣ್ಣಿನ ಔಷಧಿಯಿಂದ ಶುರುಮಾಡಿದ್ದು ತಪ್ಪಾಯಿತು. ಅಪ್ಪ, ತಂಗಿ, ಫ್ರಿಜ್ ಎಲ್ಲ ಬಂದು ಮೇಡಂ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಹೇಳಬೇಕಾದ್ದನ್ನು ಹೇಳಿದೆ.

“ಆ ಆರು ಪುಟ ಬರೆದಂತೆ ಮಾಡಿಲ್ಲ ಅಂತ ಕಾಣತ್ತೆ ಮೇಡಂ. ಮಾಡಿದೀನಿ ಅಂತ ಸಹಿ ಹಾಕಿದೀನಿ. ಗೊತ್ತಿದ್ದು ಹಾಕಿದ್ದಲ್ಲ. ಆದ್ರೂ ಹಾಕಿದೀನಿ.”

“ಕಾಣತ್ತೆ ಅಂದ್ರೆ?”

“ನೆನಪಿಲ್ಲ. ಕೈಗೆ ನೆನಪಿದೆಯೋ ಏನೋ.”

ಡಾಕ್ಟರು ಎದ್ದು ಹೋಗಿ, ಫ್ರೀಜರಿನಿಂದ ಒಂದು ನೀರಿನ ಟ್ಯೂಬು ತಂದು ನನ್ನ ಮುಂದಿಟ್ಟರು. ಇದು ನಲವತ್ತೊಂದು ಅಂದ್ಕೊಳ್ಳಿ, ಏನೂ ಯೋಚಿಸಬೇಡಿ, ಶುರುಮಾಡಿ ಎಂದರು. ಯೋಚಿಸಬೇಡಿ ಎಂದರೆ ಆಗುತ್ತದೆಯೇ. ಟ್ಯೂಬನ್ನು ಎತ್ತಿ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಇದ್ದೆ. ಪಟ್ಟಿ ಹೇಳಿ ಎಂದರು. ಹೇಳಿದೆ. ಅರ್ಧದಲ್ಲಿ ಮೇಡಂ ಮೆಲ್ಲಗೆ ಬೆರಳು ತೋರಿಸಿದರು. ಟ್ಯೂಬು ನನ್ನ ಎಡ ಮುಷ್ಟಿಯೊಳಗಿತ್ತು, ಮುಷ್ಟಿ ಎದೆಗೆ ಒತ್ತಿಕೊಂಡಿತ್ತು. ಅದು ಅಲ್ಲಿಗೆ ಹೇಗೆ ಹೋಯಿತೋ ದೇವರಾಣೆಗೂ ಗೊತ್ತಿಲ್ಲ. ಇವರು ಕಾಯುತ್ತಿದ್ದಾರೆಂದು ನಾನೇ ಬೇಕೆಂದು ಹಿಡಿದೆನೇ ಎಂದೂ ಆಮೇಲೆ ಅನುಮಾನ ಬಂತು. ಡಾಕ್ಟರು ಗಡಿಯಾರ ನೋಡಿ ಬರೆದುಕೊಂಡರು. ಪಟ್ಟಿ ಎರಡು ಸಲ, ಆರೂವರೆ ನಿಮಿಷ.

ಮೇಡಂ ಅಣುಗಳ ಪಟ್ಟಿಯನ್ನು ಶನಿವಾರದವರೆಗೆ ತಡೆದರು. ಅಲ್ಲಿಯವರೆಗೆ ನಾನು ತಟ್ಟೆ ಮುಟ್ಟಕೂಡದು, ಆ ಕೋಣೆಯೊಳಗೂ ಹೋಗಕೂಡದು. ಸರಿಯಾದ ಮಾತೇ. ನಾನು ಬಾಗಿಲ ಗಾಜಿನಾಚೆ ನಿಂತು ನೋಡಿದೆ. ಡಾಕ್ಟರು ಮೂರು ಟ್ಯೂಬು ತೆಗೆದುಕೊಂಡರು. ಒಂದು ಐಸ್ ಮೇಲೆ. ಒಂದು ಅವರ ಮುಷ್ಟಿಯಲ್ಲಿ ಆರೂವರೆ ನಿಮಿಷ, ಕೋಳಿಮರಿ ಹಿಡಿದವರಂತೆ ಹಿಡಿದಿದ್ದರು. ಮೂರನೆಯದನ್ನು ಇನ್ನೊಬ್ಬರ ಕೈಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಐಸ್ ಮೇಲಿಟ್ಟರು. ಅಣು ಕರಗಿದ್ದು ಮಾತ್ರವಾದರೆ ಅದು ಮತ್ತೆ ತಳ ಸೇರಬೇಕು, ಗುಳಿ ನೇರಳೆಯಾಗಬೇಕು. ಮುರಿದು ಬೇರೆಯದಾಗಿದ್ದರೆ ಹಳದಿಯಾಗಿಯೇ ಉಳಿಯಬೇಕು. ಭಾವನ ಪ್ರಶ್ನೆಗೆ ಅದು ಉತ್ತರ ಕೊಡಬೇಕಿತ್ತು. ಆ ಬೆಚ್ಚಗಿನ ಕೈ ಭಾವನದೇ, ಹಟ ಮಾಡಿ ಕೆಳಗಿಳಿದು ಬಂದಿದ್ದರು.

ಶನಿವಾರ ಬಣ್ಣ ಹಾಕಿ, ಮೂರು ಗಂಟೆ ಕಾದು ಡಾಕ್ಟರು ಬಾಗಿಲು ತೆರೆದರು. ಮುಖದಿಂದ ಏನೂ ತಿಳಿಯಲಿಲ್ಲ.

“ನೀವೇ ನೋಡಿ,” ಎಂದರು. “ಎರಡು ಸಲ ನೋಡಿ.”

ಐಸಿನ ಸಾಲು ನೇರಳೆ. ಅವರ ಮುಷ್ಟಿಯ ಸಾಲು ಹಳದಿ. ಅವರ ಮುಷ್ಟಿ, ನನ್ನದಲ್ಲ. ಹತ್ತು ಗುಳಿಯೂ ಹಳದಿ, ಪಕ್ಕದ ತಟ್ಟೆಯಲ್ಲಿ ಒಳ್ಳೆಯ ಕೋಶಗಳು ಎಂದಿನಂತೆ ನೇರಳೆ. ಸ್ಟೂಲನ್ನು ಎಳೆದುಕೊಂಡು ಕೂತೆ. ಆಮೇಲೆ ಮೂರನೆಯ ಸಾಲು ನೋಡಿದೆ. ಐದು ಗುಳಿ ಹಳದಿ, ಮೂರು ನೇರಳೆ, ಎರಡು ಎರಡೂ ಅಲ್ಲದ ಮಣ್ಣಿನ ಬಣ್ಣ.

ಇದು ಕರಗಿದ್ದೋ ಮುರಿದದ್ದೋ ಎಂದು ಕೇಳಿದೆ. ಡಾಕ್ಟರು ಭಾವನನ್ನು ನೋಡಿದರು, ಭಾವ ಮೇಡಂ ಅವರನ್ನು ನೋಡಿದರು. ಮೇಡಂ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗುಳಿಗಳನ್ನು ಒಂದೊಂದಾಗಿ ಎಣಿಸಿದರು.

“ಗೊತ್ತಿಲ್ಲ,” ಎಂದರು. “ಗೊತ್ತಿಲ್ಲ ಅಂತಲೇ ಬರೀರಿ. ನಲವತ್ತೊಂದು ಪಟ್ಟಿಯಲ್ಲಿರಲಿ.”

ಭಾವ ಕೆಳಗೇ ಉಳಿದು, ನಿನ್ನ ಕೈಗುಣದಲ್ಲಿ ಡಾಕ್ಟರು ಅರ್ಧ ಪಾಲು ಕೇಳುತ್ತಾರೆ ನೋಡು ಎಂದು ಚುಡಾಯಿಸಿದರು. ಡಾಕ್ಟರು ವಿಧಾನದ ಹಾಳೆಯನ್ನು ತಿದ್ದಲು ಕೂತಿದ್ದರು. ‘ಮುಷ್ಟಿಯಲ್ಲಿ ಹಿಡಿದು’ ಎಂದು ಬರೆಯಲು ಅವರಿಗೆ ಮನಸ್ಸಿಲ್ಲ, ಮುಷ್ಟಿಯ ಉಷ್ಣತೆ ಎಷ್ಟೆಂದು ನನ್ನನ್ನೇ ಕೇಳಿದರು. ನನಗೇನು ಗೊತ್ತು.

ಮೇಡಂ ನನ್ನ ಪುಸ್ತಕವನ್ನೂ ಕೆಂಪು ಪೆನ್ನನ್ನೂ ನನ್ನ ಕೈಗೇ ಕೊಟ್ಟರು. ಅಣು ಉಳಿಯಿತೆಂದು ಸಹಿ ಸರಿಯಾಗುವುದಿಲ್ಲ, ಆ ಆರು ಸಾಲುಗಳನ್ನು ನೀವೇ ತಿದ್ದಬೇಕು, ಹಳೆಯ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆಯಿರಿ ಎಂದರು. ಗದರಿಸಿ ಹೇಳಲಿಲ್ಲ. ಗದರಿಸಿದ್ದರೆ ಸುಲಭವಾಗುತ್ತಿತ್ತು.

ಒಂದನೇ ಪುಟ ತೆಗೆದೆ. ‘ವಿಧಾನದಲ್ಲಿ ಬರೆದಂತೆಯೇ ಮಾಡಿದ್ದೇನೆ’ ಎಂಬುದರ ಮೇಲೆ ಗೆರೆ ಎಳೆದೆ. ಕೆಳಗೆ ಏನು ಬರೆಯಬೇಕೆಂದು ತುಂಬ ಹೊತ್ತು ಯೋಚಿಸಿ, ‘ಟ್ಯೂಬನ್ನು ಕೈಯಲ್ಲಿ ಹಿಡಿದಿದ್ದೆನೆಂದು ತೋರುತ್ತದೆ. ಎಷ್ಟು ಹೊತ್ತು, ತಿಳಿಯದು’ ಎಂದು ಬರೆದು ಸಹಿ ಹಾಕಿದೆ. ಆರೂ ಪುಟಕ್ಕೆ ಅದನ್ನೇ ಬರೆದೆ. ಮೂರನೆಯ ಪುಟದಲ್ಲಿ ಪೆನ್ನು ನಿಂತಿತು. ಆ ದಿನ ನಿಜಕ್ಕೂ ಐಸ್ ಮೇಲೆ ಇಟ್ಟಿದ್ದೆನೇನೋ ಎಂದೊಂದು ಕ್ಷಣ ಅನ್ನಿಸಿತು. ಆದರೆ ಅಂದೂ ಹಳದಿ ಬಂದಿತ್ತು. ಗೆರೆ ಎಳೆದೆ.

ಏಳನೇ ಪುಟ ತಿರುವಿದೆ. ನೇರಳೆ ಬಂದ ಪುಟ, ನನ್ನ ಸಹಿ, ಕೆಳಗೆ ಡಾಕ್ಟರ ಸಹಿ. ಎರಡು ಸಲ ಓದಿದೆ. ಅಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಅಂದು ಎಲ್ಲವನ್ನೂ ಬರೆದಂತೆಯೇ ಮಾಡಿದ್ದೆ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಮೇಡಂ ಮೇಜಿನ ಮೇಲಿಟ್ಟು, ಏಳು ಗಂಟೆಯೊಳಗೆ ಮನೆ ಸೇರಬೇಕೆಂದು ಚೀಲ ಎತ್ತಿಕೊಂಡೆ.